ಬಂಡೂರಿನ ನೆಲೆ: ಪುಸ್ತಕಭಂಡಾರಗಳೂ ಸ್ಥಳಸೂಚಿಯೂ

ಮಳವಳ್ಳಿ ತಾಲ್ಲೂಕಿನ ಬಂಡೂರು ತನ್ನ ಕುರಿಯ ತಳಿಯಿಂದ ನಾಡಿನಲ್ಲೆಲ್ಲ ಹೆಸರಾದ ಊರು. ಆದರೆ ಆ ತಳಿಯನ್ನೇ ಬನ್ನೂರು ಕುರಿಯೆಂದು ಕರೆಯುವವರೂ ಉಂಟು. ಬನ್ನೂರಾದರೋ ತಿರುಮಕೂಡಲು ನರಸೀಪುರ ತಾಲ್ಲೂಕಿಗೆ ಸೇರಿದುದು. ಸರ್ಕಾರದ ತಳಿಪಟ್ಟಿಯಲ್ಲಿ ಅದರ ಹೆಸರು ಮಂಡ್ಯ. ಖಾನಾಪುರದ ಕಡೆಯ ಬಂಡೂರಿ ಹಳ್ಳವೂ ರೋಮನ್ ಲಿಪಿಯ ಸೂಚಿಗಳಲ್ಲಿ ಇದರೊಡನೆ ಬೆರೆಯಬಹುದು. ಹೆಸರೊಂದನ್ನೇ ನಂಬಿ ಪುಸ್ತಕಭಂಡಾರದ ಸೂಚಿಯನ್ನು ತೆರೆದವನಿಗೆ ಊರು ದೊರೆಯುವುದೆಂಬ ಭರವಸೆಯಿಲ್ಲ.

ವಿಳಾಸವಾದರೂ ಸ್ಥಿರವೇ? ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕದ 3ನೆಯ ಸಂಪುಟವು 1894ರಲ್ಲಿ ಪ್ರಕಟವಾದಾಗ ಮಳವಳ್ಳಿಯ ಶಾಸನಗಳು ಮೈಸೂರು ಜಿಲ್ಲೆಯವಾಗಿದ್ದುವು. 1939ರಲ್ಲಿ ಮಂಡ್ಯ ಜಿಲ್ಲೆ ಬೇರೆಯಾಯಿತು. ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಆವೃತ್ತಿಯಲ್ಲಿ ಶಾಸನಗಳ ಸಂಖ್ಯೆಗಳೂ ಬದಲಾದುವು. ಕಲ್ಲು ಮಾತ್ರ, ಯಾರೂ ಕೀಳದಿದ್ದರೆ, ಇದ್ದೆಡೆಯಲ್ಲಿಯೇ ಇರುವುದು.

ಈ ತೊಡಕಿನ ಮೂಲವನ್ನು ಅರಿಯಬೇಕಾದರೆ ಮೆಕೆಂಜಿಯ ಸಂಗ್ರಹದ ಗತಿಯನ್ನು ನೋಡಬೇಕು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಬಳಿಕ ಕಾಲಿನ್ ಮೆಕೆಂಜಿಯು ಮೈಸೂರಿನ ಮೋಜಣಿಗೆ ನಿಯಮಿತನಾದನು. ನೆಲವನ್ನು ಅಳೆಯುವುದೂ ಕೈಫಿಯತ್ತುಗಳನ್ನು ಬರೆಯಿಸಿಕೊಳ್ಳುವುದೂ ಶಾಸನಗಳನ್ನು ಪ್ರತಿಮಾಡಿಸುವುದೂ ಅವನಿಗೆ ಒಂದೇ ಕೆಲಸದ ಅಂಗಗಳಾಗಿದ್ದುವು. ಕಾವಲಿ ಬೊರಯ್ಯ, ಲಕ್ಷ್ಮಯ್ಯ ಸೋದರರ ಶ್ರಮವಿಲ್ಲದೆ ಇದು ಸಾಗುತ್ತಿರಲಿಲ್ಲ. ಅವನು 1821ರಲ್ಲಿ ತೀರಿಕೊಂಡ ಮೇಲೆ ಸಂಗ್ರಹವನ್ನು ಕಂಪೆನಿಯವರು ಕೊಂಡರು. ಕಾಲಕ್ರಮದಲ್ಲಿ ಭೂಪಟಗಳು ಲಂಡನ್ನಿಗೆ ಹೋದುವು. ದೇಶಭಾಷೆಗಳ ಹಸ್ತಪ್ರತಿಗಳಲ್ಲಿ ಬಹುಭಾಗವು ಮದರಾಸಿನ ಪ್ರಾಚ್ಯ ಹಸ್ತಲಿಖಿತ ಭಂಡಾರದಲ್ಲಿ ನಿಂತಿತು. ಒಂದು ಊರಿನ ನಕಾಶೆ ಒಂದು ಖಂಡದಲ್ಲಿ, ಅದರ ಚರಿತ್ರೆ ಇನ್ನೊಂದರಲ್ಲಿ! ಪದಾರ್ಥದ ಆಕಾರವನ್ನು ನೋಡಿ ವಿಂಗಡಿಸುವ ಭಂಡಾರಪದ್ಧತಿಯಿಂದ ಕನ್ನಡ ಸಂಶೋಧನೆಗೆ ಒದಗಿದ ನಷ್ಟವು ಸಾಮಾನ್ಯವಾದುದಲ್ಲವೆಂದೇ ನಮ್ಮ ಅಭಿಪ್ರಾಯ.

1863ರಿಂದ ಮೊದಲಾದ ಕಂದಾಯ ಮೋಜಣಿಯ ಫಲವಾದ ಗ್ರಾಮನಕಾಶೆಗಳು, ಮೈಲಿಗೆ 8 ಅಂಗುಲದ ಅಳತೆಯವು, ಪುಸ್ತಕಭಂಡಾರವನ್ನು ಸೇರದೆ ಕಚೇರಿಯ ಕಾಗದಗಳಾಗಿಯೇ ಉಳಿದುವು. ಈಗ ಅವುಗಳ ಛಾಯಾಪ್ರತಿಗಳು ಅಂತರ್ಜಾಲದಲ್ಲಿ ದೊರೆಯುವುವು. ಆದರೆ ಅಕ್ಷಾಂಶ ರೇಖಾಂಶಗಳಿಗೆ ಹೊಂದಿಸುವವರೆಗೆ ಅಂತಹ ಪ್ರತಿಯು ಬರಿಯ ಚಿತ್ರವೇ. ಮೂರು ಊರುಗಳ ಗಡಿ ಕೂಡುವ ಕಲ್ಲುಗಳನ್ನು ನೆಲದ ಮೇಲೆ ಗುರುತಿಸಿ ಹೊಂದಿಸಿದರೆ ಹೊಲ, ಕೆರೆ, ಶಾಸನಗಳು ತಮ್ಮ ನೆಲೆಯನ್ನು ಪಡೆಯುತ್ತವೆ. ಭೂಪಟದ ನಾಲ್ಕು ಎಲ್ಲೆಗಳನ್ನು ಬರೆಯಲು ಪುಸ್ತಕಸೂಚಿಯ ಅಂತಾರಾಷ್ಟ್ರೀಯ ಪದ್ಧತಿಯಲ್ಲಿ ಪ್ರತ್ಯೇಕ ಸ್ಥಾನವೇ ಉಂಟು. ಅದನ್ನು ತುಂಬಿದರೆ ಲಂಡನ್ನಿನ ಪಟವೂ ಮದರಾಸಿನ ಕೈಫಿಯತ್ತೂ ಒಂದೇ ಹುಡುಕಾಟದಲ್ಲಿ ಕೂಡಿಬರಬಲ್ಲವು.

2021ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರವು ಭೂಪಟಗಳ ಮೇಲಿನ ನಿರ್ಬಂಧಗಳನ್ನು ಬಹುಮಟ್ಟಿಗೆ ಸಡಿಲಿಸಿತು. ಅದೇ ವರ್ಷ ಬೆಂಗಳೂರಿನ ಮಿಥಿಕ್ ಸೊಸೈಟಿಯು ಅಲ್ಲಿನ ಶಾಸನಗಳನ್ನು ನೆಲೆಸಹಿತ ದಾಖಲಿಸತೊಡಗಿತು. ಮಳವಳ್ಳಿಯ ಶಾಸನಗಳಿಗೂ ಹಳೆಯ ಸಂಖ್ಯೆ, ಹೊಸ ಸಂಖ್ಯೆ, ಅಕ್ಷಾಂಶ ರೇಖಾಂಶ ಎಂಬ ಮೂರು ಅಂಕಣಗಳ ಪಟ್ಟಿಯೊಂದು ಸಿದ್ಧವಾದರೆ, ಬಂಡೂರನ್ನು ಬನ್ನೂರಿನಿಂದ ಬೇರ್ಪಡಿಸಲು ಉಳಿದ ಭಂಡಾರಗಳು ಅದನ್ನೇ ಆಧರಿಸಬಹುದು.