ಹಿಟ್ಟಿನೊಳಗಿನ ಹೂವು

ನಮ್ಮ ಊರುಗಳ ಹಿಟ್ಟಿನ ಗಿರಣಿಗಳ ಬೋರ್ಡಿನ ಮೇಲೆ ‘ಫ್ಲೋರ್ ಮಿಲ್’ ಎಂದು ಬರೆದಿರುತ್ತದೆ. ಇಂಗ್ಲಿಷ್ ಅಕ್ಷರಗಳನ್ನು ಕಂಡಂತೆ ಓದಿದರೆ ಹಾಗಾಗುವುದು ಸಹಜವೇ. ಆದರೆ ಇಂಗ್ಲಿಷ್ ಮನೆಮಾತಿನವರಲ್ಲಿ ಹೆಚ್ಚಿನವರ ಬಾಯಲ್ಲಿ ಹಿಟ್ಟೂ ‘ಫ್ಲವರ್’, ಹೂವೂ ‘ಫ್ಲವರ್’. ಒಂದು ಓ-ಯು-ಆರ್ ಎಂದು ಮುಗಿಯುತ್ತದೆ, ಇನ್ನೊಂದು ಓ-ಡಬ್ಲ್ಯು-ಇ-ಆರ್ ಎಂದು. ವ್ಯತ್ಯಾಸವೆಲ್ಲ ಕಾಗದದ ಮೇಲೆಯೇ.

ಇಂಥ ಜೋಡಿಪದಗಳಲ್ಲಿ ಬಹುಪಾಲು ಹುಟ್ಟಿನಿಂದ ಬೇರೆಬೇರೆ. ಉಚ್ಚಾರ ಸವೆಯುತ್ತ ಬಂದು ಒಂದಾದವು. ಮಗನೆಂಬ ‘ಸನ್’ ಹಳೆಯ ಇಂಗ್ಲಿಷಿನಲ್ಲಿ ‘ಸುನು’. ನಮ್ಮ ಕಾವ್ಯಗಳ ವಾಯುಸೂನುವಿನಲ್ಲಿರುವ ‘ಸೂನು’ ಇದರ ದೂರದ ನೆಂಟ. ಸೂರ್ಯನಾದರೋ ‘ಸುನ್ನೆ’. ಕೊನೆಯ ಸ್ವರಗಳು ಉದುರಿದಾಗ ಎರಡೂ ಒಂದೇ ಆಗಿ ಕೇಳಿಸಿದವು. ಮಗನಿಗೆ ‘ಓ’ ಅಕ್ಷರ ಬಂದದ್ದು ಲಿಪಿಕಾರರ ಕೈಯಿಂದ ಎನ್ನುತ್ತಾರೆ ವಿದ್ವಾಂಸರು. ಆ ಕಾಲದ ಬರಹದಲ್ಲಿ ಯು, ಎನ್, ಎಮ್ ಎಲ್ಲವೂ ಸಾಲು ಗೀಟುಗಳು. ಅಕ್ಕಪಕ್ಕ ಬಂದರೆ ಯಾವುದು ಎಲ್ಲಿ ಮುಗಿಯಿತೆಂದು ತಿಳಿಯುತ್ತಿರಲಿಲ್ಲ. ಹಾಗಾಗಿ ‘ಯು’ ಬದಲು ‘ಓ’ ಬರೆದರು.

ಹಿಟ್ಟು-ಹೂವುಗಳ ಕಥೆ ಇದಕ್ಕೆ ತಿರುವುಮುರುವು. ಅವು ಹುಟ್ಟಿನಿಂದ ಒಂದೇ ಪದ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಹರಿದುಬಂದ ಫ್ರೆಂಚ್ ಪದಗಳಲ್ಲಿ ಇದೂ ಒಂದು. ಬೇರು ಲ್ಯಾಟಿನ್ನಿನ ‘ಫ್ಲೋಸ್’, ಎಂದರೆ ಹೂವು. ಹಿಟ್ಟಿಗೆ ಇಂಗ್ಲಿಷರ ಹತ್ತಿರ ಮೊದಲೇ ‘ಮೀಲ್’ ಇತ್ತು. ಆದರೆ ಬೀಸುಕಲ್ಲಿನಿಂದ ಬಂದ ಗೋಧಿಹಿಟ್ಟಿನಲ್ಲಿ ಬೂಸಾ, ತರಿ ಎಲ್ಲ ಬೆರೆತಿರುತ್ತವೆ. ಅದನ್ನು ನವಿರಾದ ಬಟ್ಟೆಯಲ್ಲಿ ಸೋಸಿದಾಗ ಕೆಳಗೆ ಬೀಳುವ ಬಿಳಿಯ, ನುಣ್ಣನೆಯ ಭಾಗವೇ ಶ್ರೇಷ್ಠ. ಗಿಡದಲ್ಲಿ ಹೂವು ಹೇಗೋ ಹಿಟ್ಟಿನಲ್ಲಿ ಇದು ಹಾಗೆ ಎಂದು ಅದನ್ನು ‘ಹಿಟ್ಟಿನ ಹೂವು’ ಎಂದರು. ಫ್ರೆಂಚರು ಇಂದಿಗೂ ನುಣುಪು ಹಿಟ್ಟಿಗೆ ‘ಫ್ಲರ್ ದ ಫರೀನ್’ ಎನ್ನುತ್ತಾರೆ. ಅದು ಅಕ್ಷರಶಃ ಅದೇ ಮಾತು. ಅನ್ನ ಮಲ್ಲಿಗೆಯಂತೆ ಅರಳಿದೆ ಎನ್ನುವ ನಮಗೆ ಈ ಭಾವ ಹೊಸದಲ್ಲ.

ಶತಮಾನಗಳ ಕಾಲ ಎರಡು ಅರ್ಥಕ್ಕೂ ಎರಡು ಕಾಗುಣಿತವೂ ನಡೆಯಿತು. 1667ರಲ್ಲಿ ಅಚ್ಚಾದ ಮಿಲ್ಟನ್ನನ ‘ಪ್ಯಾರಡೈಸ್ ಲಾಸ್ಟ್’ನಲ್ಲಿ ಸ್ವರ್ಗದ ಹೂವು ಇಂದಿನ ಹಿಟ್ಟಿನ ಕಾಗುಣಿತದಲ್ಲಿದೆ. 1755ರ ಸ್ಯಾಮ್ಯುಯೆಲ್ ಜಾನ್ಸನ್ನನ ನಿಘಂಟು ಕೂಡ ಹಿಟ್ಟಿಗೆಂದು ಬೇರೆ ಕಾಗುಣಿತ ಕೊಡಲಿಲ್ಲ. ಹತ್ತೊಂಬತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಈ ಪಾಲುಪಟ್ಟಿ ಗಟ್ಟಿಯಾಯಿತು. ಅಚ್ಚಿನ ಓದುಗರಿಗೆ ಗೊಂದಲವಾಗದಿರಲಿ ಎಂದು ಒಂದೇ ಪದವನ್ನು ಲೇಖನಿ ಸೀಳಿತು, ನಾಲಿಗೆ ಒಪ್ಪಲಿಲ್ಲ. ನನಗೆ ನಾಲಿಗೆಯ ಈ ಹಟ ಬಹಳ ಇಷ್ಟ.

ಹಳೆಯ ಅರ್ಥ ಪೂರ್ತಿ ಅಳಿದಿಲ್ಲ. ಗಂಧಕವನ್ನು ಕಾಯಿಸಿ, ಆವಿಯನ್ನು ತಣಿಸಿದಾಗ ಕೂಡುವ ನುಣ್ಣನೆಯ ಹಳದಿ ಪುಡಿಗೆ ಈಗಲೂ ‘ಫ್ಲವರ್ಸ್ ಆಫ್ ಸಲ್ಫರ್’ ಎಂಬ ಹೆಸರಿದೆ. ಇಲ್ಲಿ ಹೂವೆಂದರೆ ಪುಡಿಯೇ.

ಹೆಸರಿನ ಈ ಸಾಲಕ್ಕೆ ಮರುಪಾವತಿಯೂ ಆಗಿದೆ. ಲ್ಯಾಟಿನ್ನಿನಲ್ಲಿ ನುಣ್ಣನೆಯ ಹಿಟ್ಟಿಗೆ, ಗಿರಣಿಯ ಧೂಳಿಗೆ ‘ಪೋಲೆನ್’ ಎನ್ನುತ್ತಿದ್ದರು. ಹದಿನೆಂಟನೆಯ ಶತಮಾನದಲ್ಲಿ ಸಸ್ಯವಿಜ್ಞಾನಿ ಲಿನೇಯಸ್ ಹೂವಿನ ಪರಾಗಕ್ಕೆ ಆ ಪದವನ್ನೇ ಬಳಸಿದ.