ಮರಳನ್ನು ಬಿಗಿಯುವ ವಿದ್ಯೆ

ಕಲ್ಯಾಣದಿಂದ ಹೊರಟ ರೈಲುದಾರಿಯು ಟಿಟ್ವಾಳಾವನ್ನು ದಾಟಿ ಸಹ್ಯಾದ್ರಿಯ ಬುಡದ ಕಸಾರಾವನ್ನು 1861ರಲ್ಲಿ ಮುಟ್ಟಿತು. ಆ ದಾರಿಯಲ್ಲಿ ಟಿಟ್ವಾಳಾದಾಚೆ, ವಾಸಿಂದ ಮತ್ತು ಆಸನಗಾಂವ್‌ಗಳ ನಡುವೆ, 2017ರ ಆಗಸ್ಟ್ 29ರಂದು ನಾಗಪುರದಿಂದ ಬರುತ್ತಿದ್ದ ದುರಂತೊ ಗಾಡಿಯು ಹಳಿ ತಪ್ಪಿತು. ಮಳೆಗೆ ಸಡಿಲಗೊಂಡ ಮಣ್ಣು ಕುಸಿದುದೇ ಕಾರಣ. ಪ್ರಾಣಹಾನಿಯೇನೋ ಆಗಲಿಲ್ಲ, ಆದರೆ ದಿನವೂ ಇದೇ ದಾರಿಯಿಂದ ಮುಂಬಯಿಗೆ ದುಡಿಯಲು ಹೋಗಿಬರುವವರ ಪಾಲಿಗೆ ಮಣ್ಣಿನ ಬಲವೆಂಬುದು ಜೀವದ ಮಾತು.

ಮಣ್ಣಿನ ಒಂದು ಪದರು ಇನ್ನೊಂದರ ಮೇಲೆ ಜಾರದಂತೆ ತಡೆಯುವ ಶಕ್ತಿಗೆ ಕರ್ತನಬಲವೆಂದು ಹೆಸರು. ಅದರಲ್ಲಿ ಕಣಗಳ ಅಂಟು, ಕಣಗಳ ಘರ್ಷಣೆ ಎಂಬ ಎರಡು ಭಾಗಗಳುಂಟೆಂದು ಫ್ರೆಂಚ್ ಎಂಜಿನಿಯರ್ ಕೂಲಂಬನು 1776ರಲ್ಲಿ ಅಚ್ಚಾದ ಪ್ರಬಂಧದಲ್ಲಿ ತೋರಿಸಿದನು. ಒಣಮರಳಿಗೆ ಅಂಟಿಲ್ಲ, ಇರುವುದು ಘರ್ಷಣೆಯೊಂದೇ. ಕಣಗಳ ನಡುವೆ ನೀರು ತುಂಬಿ ಒತ್ತಿದರೆ ಅದೂ ಕುಗ್ಗುವುದು. ಇದನ್ನು ಶಾಸ್ತ್ರೀಯವಾಗಿ ವಿವರಿಸಿದ ಕೀರ್ತಿ 1920ರ ದಶಕದ ಟೆರ್ಜಾಗಿಗೆ ಸಲ್ಲುತ್ತದೆ.

ಮಣ್ಣಿಗೆ ಬಿಗಿ ಕೊಡುವ ಉಪಾಯವಾದರೋ ಬಹಳ ಹಳೆಯದು. ಬಾಗ್ದಾದಿನ ಬಳಿಯ ಅಕರ್‌ಕೂಫ್‌ನಲ್ಲಿ ಮೂರು ಸಾವಿರ ವರ್ಷಗಳಿಗೂ ಹಿಂದಿನ ಗೋಪುರವೊಂದರ ಇಟ್ಟಿಗೆ ವರಸೆಗಳ ನಡುವೆ ಜೊಂಡಿನ ಚಾಪೆಗಳಿವೆ. ಠಾಣೆ ಸೀಮೆಯ ವಾರಲಿ ಜನರು ಕಾರವಿಯ ಕಡ್ಡಿಗಳಿಗೆ ಮಣ್ಣು, ಸಗಣಿ ಮೆತ್ತಿ ಗೋಡೆ ಕಟ್ಟುತ್ತ ಬಂದವರು. ಹೀಗಿರಲು, ಈ ವಿದ್ಯೆಯ ಚರಿತ್ರೆಯನ್ನು ಫ್ರಾನ್ಸಿನ ಆನ್ರಿ ವಿದಾಲನ 1963ರ ಪೇಟೆಂಟಿನಿಂದ ಆರಂಭಿಸುವ ರೂಢಿ ಅಷ್ಟೇನೂ ನ್ಯಾಯವಾದುದಲ್ಲ. ಇದಕ್ಕೆ ಲೆಕ್ಕಾಚಾರವನ್ನು ತಂದವನು ಅವನೆಂಬುದಂತೂ ದಿಟ. ಅವನ ಮೊದಲ ಗೋಡೆ 1965ರಲ್ಲಿ ಪಿರೆನೀಸ್ ಪರ್ವತಸೀಮೆಯ ಪ್ರಾನ್ಯೇರ್‌ನಲ್ಲಿ ಎದ್ದಿತು.

ಬಲವನ್ನು ಅಳೆಯುವ ಸಾಧನ ನೋಡಲು ಸರಳವೇ. ಅಡ್ಡಲಾಗಿ ಎರಡು ಹೋಳಾದ ಪೆಟ್ಟಿಗೆಯಲ್ಲಿ ಮರಳು ತುಂಬಿ, ಮೇಲೆ ಭಾರವಿಟ್ಟು, ಒಂದು ಹೋಳನ್ನು ಪಕ್ಕಕ್ಕೆ ತಳ್ಳುವರು. ಭಾರ ಏರಿದಂತೆ ತಳ್ಳುವ ಬಲ ಎಷ್ಟು ಏರಬೇಕಾಯಿತೆಂಬುದನ್ನು ನಕ್ಷೆಯಲ್ಲಿ ಗುರುತಿಸುವರು. ಮತ್ತೊಂದು ವಿಧಾನದಲ್ಲಿ ಮರಳಿನ ಕಂಬವನ್ನು ರಬ್ಬರಿನ ಚೀಲದಲ್ಲಿಟ್ಟು, ಸುತ್ತಲೂ ನೀರಿನಿಂದ ಒತ್ತಿ, ಮೇಲಿನಿಂದ ಅದುಮುವರು. 1970ರ ದಶಕದಲ್ಲಿ ಫ್ರಾನ್ಸಿನಲ್ಲಿ ಹೀಗೆ ಪರೀಕ್ಷಿಸಿದಾಗ, ಲೋಹದ ಪದರುಗಳನ್ನಿಟ್ಟ ಮರಳು ತನಗಿಲ್ಲದ ಅಂಟನ್ನು ಪಡೆದಂತೆ ವರ್ತಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಮಾಧವಿ ಲತಾ ಅವರು ಸಹಲೇಖಕರೊಡನೆ 2007ರಲ್ಲಿ ಪ್ರಕಟಿಸಿದ ಪರೀಕ್ಷೆಗಳು, ಬಿಗಿಯುವ ವಸ್ತುವಿನ ಆಕಾರವೂ ಮುಖ್ಯವೆಂದು ಕಂಡವು: ಹಾಸು, ಬಿಡಿ ನಾರು, ಜೇನುಗೂಡಿನಂಥ ಕೋಶ ಈ ಮೂರರಲ್ಲಿ ಕೋಶವೇ ಮರಳಿಗೆ ಹೆಚ್ಚಿನ ಬಲವಿತ್ತಿತು.

ಪ್ರಯೋಗಶಾಲೆಯ ಮರಳು ಶುಭ್ರವಾದುದು. ಟಿಟ್ವಾಳಾ ಸೀಮೆಯ ಮಣ್ಣು ಕರಿಕಲ್ಲು ಶಿಥಿಲವಾಗಿ ಆದದ್ದು. ಅದರಲ್ಲಿ ಜೇಡಿ ಬೆರೆತಿರುವುದರಿಂದ ನೀರು ಬೇಗನೆ ಬಸಿಯದು. ಆದುದರಿಂದ ಬೆಂಗಳೂರಿನ ಅಂಕಿಗಳನ್ನು ಇಲ್ಲಿಯ ಇಳಿಜಾರುಗಳಿಗೆ ನೇರವಾಗಿ ಅನ್ವಯಿಸಲಾಗದು. ಇಲ್ಲಿಯ ಮಣ್ಣನ್ನೇ ಮಳೆಗಾಲದಷ್ಟು ನೆನೆಸಿ, ಅದೇ ಪೆಟ್ಟಿಗೆಯಲ್ಲಿಟ್ಟು ಜಾರಿಸಿ ನೋಡಬೇಕು.