ಡಂಗುರದವನಿಲ್ಲದ ಊರಿನಲ್ಲಿ ಸುದ್ದಿ

ಇಂದು ಕೋಡ್ ಬರೆಯುವವರು ‘ಸಬ್‌ಸ್ಕ್ರೈಬ್’, ‘ಪಬ್ಲಿಶ್’ ಎಂದು ಎರಡು ಸಾಲು ಬರೆದರೆ, ನಡುವೆ ಸರ್ವರ್ ಎಂಬ ಯಜಮಾನನಿಲ್ಲದೆಯೇ ಸಂದೇಶ ಚಂದಾದಾರರಿಗೆಲ್ಲ ಮುಟ್ಟುತ್ತದೆ. ಇದರ ಬೇರು ಹುಡುಕುತ್ತ ಹೋದರೆ ನಾನು ಮೊದಲು ನಿಲ್ಲುವುದು 1979ರ ಅಮೆರಿಕದಲ್ಲಿ. ಡ್ಯೂಕ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾದ ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲ್ಲಿಸ್ ಯೋಚಿಸಿದ ಯೂಸ್‌ನೆಟ್‌ನಲ್ಲಿ ಒಂದು ಕಂಪ್ಯೂಟರ್ ಇನ್ನೊಂದಕ್ಕೆ ಫೋನ್ ಹಚ್ಚಿ ಬರಹ ದಾಟಿಸುತ್ತಿತ್ತು, ಅದು ಮತ್ತೊಂದಕ್ಕೆ. ಹಾದುಬಂದ ಯಂತ್ರಗಳ ಹೆಸರು ಬರಹದ ತಲೆಯಲ್ಲೇ ಇರುತ್ತಿದ್ದರಿಂದ ಕೊಟ್ಟವರಿಗೇ ತಿರುಗಿ ಕೊಡುವ ಪೇಚಿರಲಿಲ್ಲ.

1987ರಲ್ಲಿ ಜೆರಾಕ್ಸ್‌ನ ಅಲನ್ ಡೆಮರ್ಸ್ ಮತ್ತು ಸಂಗಡಿಗರು ಇಂಥ ಹರಡುವಿಕೆಗೆ ಸಾಂಕ್ರಾಮಿಕ ರೋಗದ ಗಣಿತ ಹಚ್ಚಿ ನೋಡಿದರು. ಸುದ್ದಿ ಕೇಳಿದ ಯಂತ್ರ ಸಿಕ್ಕವರಿಗೆ ಹೇಳುತ್ತದೆ. ‘ಆಗಲೇ ಗೊತ್ತು’ ಎನ್ನುವವರೇ ಹೆಚ್ಚಿದರೆ ಅದರ ಉತ್ಸಾಹ ಇಳಿಯುತ್ತದೆ. (ನಮ್ಮ ಜಗಲಿಕಟ್ಟೆಗೂ ಇದೇ ನಿಯಮ.) ನನ್ನನ್ನು ಹಿಡಿದು ನಿಲ್ಲಿಸುವುದು ಅವರಿಗೆ ಎದುರಾದ ಇನ್ನೊಂದು ತೊಡಕು: ಅಳಿಸಿದ್ದು ಅಳಿಯದು. ಒಂದು ಕಡೆ ತೆಗೆದುಹಾಕಿದ ದಾಖಲೆ, ಹಳೆಯ ಪ್ರತಿ ಇಟ್ಟುಕೊಂಡ ನೆರೆಯಂತ್ರದಿಂದ ಮತ್ತೆ ಎದ್ದು ಬರುತ್ತಿತ್ತು. ಅದಕ್ಕವರು ‘ಮರಣಪತ್ರ’ ಹೊರಡಿಸಿದರು; ಸತ್ತಿದೆ ಎಂಬುದೂ ಸುದ್ದಿಯಾಗಿ ಊರೆಲ್ಲ ಸುತ್ತಬೇಕು. ಆ ಪತ್ರವನ್ನು ಎಷ್ಟು ದಿನ ಕಾಯ್ದಿಡುವುದು? ಬೇಗ ಹರಿದರೆ ಸತ್ತದ್ದು ಏಳುತ್ತದೆ, ಹರಿಯದಿದ್ದರೆ ಕಪಾಟು ತುಂಬುತ್ತದೆ. ಕೊನೆಗೆ ಕೆಲವೇ ಯಂತ್ರಗಳಲ್ಲಿ ಅವನ್ನು ಮಲಗಿಸಿಟ್ಟರು, ಹಳೆಯ ಪ್ರತಿ ತಲೆಯೆತ್ತಿದರೆ ಎಚ್ಚರಗೊಳ್ಳಲೆಂದು.

ಇಂದು ಎಥೀರಿಯಂ ಬಳಸುವ ಗಾಸಿಪ್‌ಸಬ್ ಹೆಸರಿನಲ್ಲೇ ಹರಟೆಯನ್ನಿಟ್ಟುಕೊಂಡಿದೆ. ಕೆಲವು ನೆರೆಯವರಿಗೆ ಪೂರ್ತಿ ಸಂದೇಶ ಕೊಟ್ಟು, ಇನ್ನು ಕೆಲವರಿಗೆ ‘ನನ್ನ ಹತ್ತಿರ ಇದೆ’ ಎಂದಷ್ಟೇ ಹೇಳುತ್ತದೆ; ಬೇಕಾದವರು ಕೇಳಿ ಪಡೆಯುತ್ತಾರೆ. ಹೇಳಿದ್ದನ್ನು ವಾಪಸ್ ಕರೆಯುವ ಆಜ್ಞೆ ಮಾತ್ರ ಅದರಲ್ಲಿಲ್ಲ.